ಪಿತ್ತಕೋಶ ತೆಗೆಸಿದವರಿಗೆ ಜೀರ್ಣಾಂಗದ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚುತ್ತದೆಯೇ?

ಪ್ರಶ್ನೆ: ಮುಂಜಾವು

ಎಲ್ಲರಿಗೂ ನಮಸ್ಕಾರ. ನನಗೆ 47 ವರ್ಷ. ಊಟವಾದ ಒಂದೆರಡು ಗಂಟೆಗೆ ಬಲ ಪಕ್ಕೆಲುಬಿನ ಕೆಳಗೆ ಹಿಡಿದುಕೊಂಡು ಬೆನ್ನಿನವರೆಗೂ ಹರಡುತ್ತಿದ್ದ ನೋವನ್ನು ಎರಡು ವರ್ಷ ಗ್ಯಾಸ್ಟ್ರಿಕ್ ಎಂದುಕೊಂಡೇ ಕಳೆದೆ. ಕೊನೆಗೆ ಸ್ಕ್ಯಾನಿಂಗ್ ಮಾಡಿಸಿದಾಗ ಪಿತ್ತಕೋಶದ ತುಂಬ ಕಲ್ಲುಗಳಿರುವುದು ತಿಳಿಯಿತು. ಐದು ತಿಂಗಳ ಹಿಂದೆ ಲ್ಯಾಪರೊಸ್ಕೋಪಿ ಮೂಲಕ ಪಿತ್ತಕೋಶವನ್ನು ತೆಗೆದರು. ತೆಗೆದ ಭಾಗದ ಬಯಾಪ್ಸಿ ವರದಿಯಲ್ಲಿ ದೀರ್ಘಕಾಲದ ಉರಿಯೂತ ಎಂದಷ್ಟೇ ಇದೆ, ಕ್ಯಾನ್ಸರ್ ಇಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಆ ನೋವು ಮತ್ತೆ ಬಂದಿಲ್ಲ.

ಇಷ್ಟಾದ ಮೇಲೆ ನೆಮ್ಮದಿಯಾಗಿರಬೇಕಿತ್ತು. ಆದರೆ ಪಿತ್ತಕೋಶ ತೆಗೆಸಿಕೊಂಡವರಲ್ಲಿ ಕರುಳಿನ ಕ್ಯಾನ್ಸರ್ ಹೆಚ್ಚು ಕಂಡುಬರುತ್ತದೆ ಎಂಬ ಬರಹವೊಂದನ್ನು ಕಳೆದ ವಾರ ಓದಿದೆ. ಅದನ್ನು ಮನೆಯವರೊಂದಿಗೆ ಹಂಚಿಕೊಂಡದ್ದೇ ತಪ್ಪಾಯಿತು. ದೇವರು ಕೊಟ್ಟ ಅಂಗವನ್ನು ತೆಗೆಸಬಾರದಿತ್ತು ಎಂಬ ಮಾತು ಅಂದಿನಿಂದ ದಿನಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತಿದೆ. ಶಸ್ತ್ರಚಿಕಿತ್ಸೆಯ ನಂತರ ಬೆಳಗಿನ ಹೊತ್ತು ಎರಡು ಮೂರು ಸಲ ಮಲ ತೆಳುವಾಗಿ ಹೋಗುತ್ತದೆ. ಅದೂ ಇದಕ್ಕೆ ಸಂಬಂಧಿಸಿದ್ದೇ ಎಂಬ ಅನುಮಾನ ಈಗ ಸೇರಿಕೊಂಡಿದೆ. ನನ್ನ ತಾಯಿಯ ತಂಗಿಗೆ 70ರ ಆಸುಪಾಸಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಆಗಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ.

ಆ ಬರಹದಲ್ಲಿ ಹೇಳಿರುವುದು ನಿಜವೇ, ನಿಜವಾದರೆ ಎಷ್ಟರ ಮಟ್ಟಿಗೆ, ಮತ್ತು ನಾನು ಈಗಲೇ ಕೊಲೊನೋಸ್ಕೋಪಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇರುವ ನಳಿಕೆ ಹಾಕಿ ನೋಡುವ ಪರೀಕ್ಷೆ) ಮಾಡಿಸಿಕೊಳ್ಳಬೇಕೇ? ತಿಳಿದವರು ದಯವಿಟ್ಟು ಉತ್ತರಿಸಬೇಕು. ಸಮಾಧಾನದ ಮಾತಿಗಿಂತ ಸರಿಯಾದ ಮಾತು ಬೇಕಾಗಿದೆ.

ಉತ್ತರ 1: ಕಂದೀಲು

ಮುಂಜಾವು ಅವರಿಗೆ ನಮಸ್ಕಾರ. ನಾನು ಜಠರ ಮತ್ತು ಕರುಳಿನ ರೋಗಗಳ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯ. ನಿಮ್ಮನ್ನು ಪರೀಕ್ಷಿಸದೆ ನಿಮ್ಮ ದೇಹದ ಬಗ್ಗೆ ತೀರ್ಪು ಕೊಡಲಾರೆ. ಆದರೆ ಈ ಅನುಮಾನ ಎಲ್ಲಿಂದ ಹುಟ್ಟಿತು ಎಂಬುದನ್ನು ವಿವರಿಸಬಲ್ಲೆ. ಅದು ತೀರಾ ಬುಡವಿಲ್ಲದ ಅನುಮಾನವೇನಲ್ಲ.

ಪಿತ್ತರಸವನ್ನು ತಯಾರಿಸುವುದು ಯಕೃತ್ತೇ ಹೊರತು ಪಿತ್ತಕೋಶವಲ್ಲ. ಯಕೃತ್ತು ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನಷ್ಟು ಪಿತ್ತರಸವನ್ನು ಸುರಿಸುತ್ತದೆ. 30ರಿಂದ 50 ಮಿಲಿಲೀಟರ್ ಹಿಡಿಯುವ ಪಿತ್ತಕೋಶವು ಅದರಲ್ಲಿ ಒಂದಂಶವನ್ನು ಕೂಡಿಟ್ಟುಕೊಂಡು, ನೀರನ್ನು ಹೀರಿ ಮಂದಗೊಳಿಸಿ, ಕೊಬ್ಬಿನ ಆಹಾರ ಸಣ್ಣ ಕರುಳಿನ ಮೊದಲ ಭಾಗವಾದ ಡಿಯೋಡಿನಮ್ಮಿಗೆ ಬಂದಾಗ ಹಾರ್ಮೋನೊಂದರ ಸೂಚನೆಯಂತೆ ಹಿಂಡಿ ಹೊರಹಾಕುತ್ತದೆ. ಈ ಚೀಲವನ್ನು ತೆಗೆದ ಮೇಲೆ ಪಿತ್ತರಸದ ಉತ್ಪಾದನೆ ನಿಲ್ಲುವುದಿಲ್ಲ, ಜೀರ್ಣಕ್ರಿಯೆಯೂ ಕೆಡುವುದಿಲ್ಲ. ಊಟದ ಹೊತ್ತಿಗೆ ಒಮ್ಮೆಲೇ ಬರುತ್ತಿದ್ದ ರಸ ಹೊತ್ತುಗೊತ್ತಿಲ್ಲದೆ ಸಣ್ಣಗೆ ಹರಿಯತೊಡಗುತ್ತದೆ, ಅಷ್ಟೇ.

ಅನುಮಾನ ಹುಟ್ಟುವುದು ಈ ಹರಿವಿನಿಂದ. ಪಿತ್ತರಸದಲ್ಲಿರುವ ಪಿತ್ತಾಮ್ಲಗಳಲ್ಲಿ ಶೇ. 95ರಷ್ಟು ಸಣ್ಣ ಕರುಳಿನ ತುದಿಯಲ್ಲಿ ಮತ್ತೆ ರಕ್ತಕ್ಕೆ ಸೇರಿ ಯಕೃತ್ತಿಗೆ ಮರಳುತ್ತವೆ, ದಿನಕ್ಕೆ ಹಲವು ಸುತ್ತು ತಿರುಗುತ್ತವೆ. ಸೋರಿಹೋದ ಸ್ವಲ್ಪ ಭಾಗ ದೊಡ್ಡ ಕರುಳನ್ನು ಸೇರಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಡಿಆಕ್ಸಿಕೋಲಿಕ್ ಆಮ್ಲ ಮತ್ತು ಲಿಥೋಕೋಲಿಕ್ ಆಮ್ಲಗಳಾಗಿ ಮಾರ್ಪಡಿಸುತ್ತವೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಈ ಎರಡನೆಯ ಹಂತದ ಆಮ್ಲಗಳು ಕರುಳಿನ ಒಳಪದರವನ್ನು ಕೆರಳಿಸಿ ಗೆಡ್ಡೆಗಳ ಬೆಳವಣಿಗೆಗೆ ಒತ್ತಾಸೆಯಾಗುವುದು ಕಂಡುಬಂದಿದೆ. ತಂಗಲು ಚೀಲವಿಲ್ಲದಾಗ ಸುತ್ತುಗಳ ಸಂಖ್ಯೆ ಹೆಚ್ಚುತ್ತದೆ, ಬ್ಯಾಕ್ಟೀರಿಯಾಗಳ ಸಂಪರ್ಕವೂ ಹೆಚ್ಚುತ್ತದೆ. ಆದ್ದರಿಂದ ಕ್ಯಾನ್ಸರಿನ ಸಾಧ್ಯತೆಯೂ ಹೆಚ್ಚಬಹುದು ಎಂಬುದು ವಾದ. ತರ್ಕ ಸರಿಯಾಗಿಯೇ ಇದೆ. ಆದರೆ ವೈದ್ಯಶಾಸ್ತ್ರದಲ್ಲಿ ತರ್ಕಕ್ಕೆ ಸರಿಹೊಂದಿದ್ದೆಲ್ಲ ರೋಗಿಗಳಲ್ಲಿ ಅದೇ ಪ್ರಮಾಣದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಆ ಲೆಕ್ಕವನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಇಲ್ಲಿದ್ದಾರೆ.

ನಿಮ್ಮ ತೆಳು ಮಲದ ಬಗ್ಗೆ ಎರಡು ಮಾತು. ಹೆಚ್ಚುವರಿ ಪಿತ್ತಾಮ್ಲ ದೊಡ್ಡ ಕರುಳಿಗೆ ಹರಿದಾಗ ಅದು ನೀರನ್ನು ಹೊರಸೂಸುವಂತೆ ಮಾಡುತ್ತದೆ. ಪಿತ್ತಕೋಶ ತೆಗೆಸಿದ ಹಲವರಲ್ಲಿ ಇದು ಕಾಣಿಸಿಕೊಂಡು, ಹೆಚ್ಚಿನವರಲ್ಲಿ ಕೆಲವು ತಿಂಗಳುಗಳಲ್ಲಿ ತಾನಾಗಿ ತಗ್ಗುತ್ತದೆ. ತಗ್ಗದಿದ್ದರೆ ಪಿತ್ತಾಮ್ಲವನ್ನು ಹಿಡಿದಿಟ್ಟು ಹೊರಗೆ ಸಾಗಿಸುವ ಕೊಲೆಸ್ಟೈರಮೀನ್‌ನಂಥ ಔಷಧಿಗಳಿವೆ, ನಿಮ್ಮ ವೈದ್ಯರನ್ನು ಕೇಳಿ. ಇದು ತೊಂದರೆ ನಿಜ, ಆದರೆ ಕ್ಯಾನ್ಸರಿನ ಮುನ್ಸೂಚನೆಯಲ್ಲ.

ಉತ್ತರ 2: ಒಂಟಿಮರ

ನನ್ನ ಪಿತ್ತಕೋಶದಲ್ಲಿಯೂ ಮೂರು ಕಲ್ಲುಗಳಿವೆ ಎಂದು ಬೇರೆ ಯಾವುದೋ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿಂಗಿನಲ್ಲಿ ತಿಳಿಯಿತು. ಇಂದಿನವರೆಗೆ ಒಂದು ದಿನವೂ ನೋವು ಬಂದಿಲ್ಲ. ಮೇಲಿನ ವಿವರಣೆಯನ್ನು ಓದಿದ ಮೇಲೆ ಶಸ್ತ್ರಚಿಕಿತ್ಸೆ ಬೇಡವೆಂಬ ನನ್ನ ನಿರ್ಧಾರ ಇನ್ನೂ ಗಟ್ಟಿಯಾಯಿತು. ಒಂದು ಕಾಯಿಲೆಯನ್ನು ತಪ್ಪಿಸಿಕೊಳ್ಳಲು ಹೋಗಿ ಅದಕ್ಕಿಂತ ಘೋರವಾದುದನ್ನು ಮೈಮೇಲೆ ಎಳೆದುಕೊಳ್ಳುವುದರಲ್ಲಿ ಯಾವ ಜಾಣತನವಿದೆ? ಕಲ್ಲು ಕರಗಿಸುವ ಮಾತ್ರೆಗಳೂ ಇವೆಯೆಂದು ಕೇಳಿದ್ದೇನೆ; ನೋವಿರುವವರೂ ಮೊದಲು ಆ ದಾರಿಯನ್ನೇ ಹಿಡಿಯಬೇಕೆಂಬುದು ನನ್ನ ಅಭಿಪ್ರಾಯ.

ಉತ್ತರ 3: ಲೆಕ್ಕದ ಪುಸ್ತಕ

ನಾನು ವೈದ್ಯನಲ್ಲ, ರೋಗಗಳ ಹರಡುವಿಕೆಯ ಅಂಕಿಅಂಶಗಳನ್ನು ವಿಶ್ಲೇಷಿಸುವುದು ನನ್ನ ವೃತ್ತಿ. ಕಂದೀಲು ಅವರು ನನ್ನಂಥವರಿಗೆ ಬಿಟ್ಟುಕೊಟ್ಟ ಭಾಗವನ್ನು ಹೇಳಲು ಯತ್ನಿಸುತ್ತೇನೆ; ಸ್ವಲ್ಪ ಉದ್ದವಾದರೆ ಕ್ಷಮೆಯಿರಲಿ.

ಪಿತ್ತಕೋಶವನ್ನು ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಮೊದಲ ಬಾರಿಗೆ ಮಾಡಿದವರು ಬರ್ಲಿನ್ನಿನ ಕಾರ್ಲ್ ಲ್ಯಾಂಗೆನ್‌ಬುಕ್, 1882ರಲ್ಲಿ. ಅಂದರೆ ಇದರ ದೂರಗಾಮಿ ಪರಿಣಾಮಗಳನ್ನು ಗಮನಿಸಲು ಜಗತ್ತಿಗೆ ಕಾಲಾವಕಾಶ ಸಾಕಷ್ಟು ಸಿಕ್ಕಿದೆ. ಈ ವಿಷಯದಲ್ಲಿ ನಾನು ಹೆಚ್ಚು ಬೆಲೆ ಕೊಡುವುದು 2001ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನಕ್ಕೆ. 1965ರಿಂದ 1997ರವರೆಗೆ ಪಿತ್ತಕೋಶ ತೆಗೆಸಿಕೊಂಡ 2,78,460 ಜನರನ್ನು ಆ ದೇಶದ ಕ್ಯಾನ್ಸರ್ ನೋಂದಣಿಯ ನೆರವಿನಿಂದ, ಕೆಲವರನ್ನು 33 ವರ್ಷಗಳವರೆಗೂ, ಹಿಂಬಾಲಿಸಿ ನೋಡಿದರು. ಸಾಮಾನ್ಯ ಜನರಲ್ಲಿ ನಿರೀಕ್ಷಿಸಬಹುದಾದ ಸಂಖ್ಯೆಗೆ ಹೋಲಿಸಿದಾಗ ಸಣ್ಣ ಕರುಳಿನ ಅಡಿನೋಕಾರ್ಸಿನೋಮಾ (ಗ್ರಂಥಿಯ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್) 1.77 ಪಟ್ಟು ಇತ್ತು. ದೊಡ್ಡ ಕರುಳಿನ ಬಲಭಾಗದಲ್ಲಿ 1.16 ಪಟ್ಟು; ಅಲ್ಲಿಂದ ಮುಂದಕ್ಕೆ, ಎಡಭಾಗ ಮತ್ತು ಗುದನಾಳದತ್ತ ಸಾಗಿದಂತೆ, ಹೆಚ್ಚಳವೇ ಕಾಣಲಿಲ್ಲ. ಪಿತ್ತನಾಳ ಕರುಳಿಗೆ ತೆರೆದುಕೊಳ್ಳುವ ಬಾಯಿಗೆ ಹತ್ತಿರವಿದ್ದಷ್ಟೂ ಹೆಚ್ಚು, ದೂರ ಸರಿದಷ್ಟೂ ಕಡಿಮೆ ಎಂಬ ಈ ಇಳಿಜಾರು ಪಿತ್ತರಸದ ವಾದಕ್ಕೆ ಸಿಕ್ಕ ಗಟ್ಟಿ ಪುರಾವೆಗಳಲ್ಲೊಂದು ಎಂಬುದನ್ನು ಒಪ್ಪಲೇಬೇಕು. ಅದೇ ದೇಶದ ಮತ್ತೊಂದು ಅಧ್ಯಯನ ಅನ್ನನಾಳದ ಅಡಿನೋಕಾರ್ಸಿನೋಮಾದಲ್ಲಿ 1.3 ಪಟ್ಟಿನಷ್ಟು ಹೆಚ್ಚಳವನ್ನು ಕಂಡಿತು. ಪಿತ್ತರಸ ಜಠರದತ್ತ ಹಿಮ್ಮುಖವಾಗಿ ಹರಿಯುವುದು ಅದಕ್ಕೆ ಕಾರಣವಿರಬಹುದೆಂದು ಊಹಿಸಲಾಗಿದೆ.

ಈಗ ಈ "ಪಟ್ಟು" ಎಂಬ ಮಾತನ್ನು ಬಿಡಿಸಿ ನೋಡೋಣ, ಏಕೆಂದರೆ ಜನರನ್ನು ಹೆದರಿಸುವುದು ಇದೇ. ಲೆಕ್ಕಕ್ಕಾಗಿ ಒಂದು ಕಲ್ಪನೆ ಮಾಡಿಕೊಳ್ಳಿ: ಹತ್ತು ಸಾವಿರ ಜನರಲ್ಲಿ ಮುಂದಿನ ಎರಡು ದಶಕಗಳಲ್ಲಿ ದೊಡ್ಡ ಕರುಳಿನ ಬಲಭಾಗದ ಕ್ಯಾನ್ಸರ್ 50 ಜನರಿಗೆ ಬರುವುದಿತ್ತು. 1.16 ಪಟ್ಟು ಎಂದರೆ ಅದು 58 ಆಗುತ್ತದೆ. ಹತ್ತು ಸಾವಿರಕ್ಕೆ ಎಂಟು ಜನ ಹೆಚ್ಚು. ಸಣ್ಣ ಕರುಳಿನ ಕ್ಯಾನ್ಸರಿನ 1.77 ಪಟ್ಟು ಕೇಳಲು ಭಯಂಕರವಾಗಿದೆ, ಆದರೆ ಅದು ತೀರಾ ಅಪರೂಪದ ಕಾಯಿಲೆ. ಸುಮಾರು ಆರು ಮೀಟರ್ ಉದ್ದವಿರುವ ಅಂಗದಲ್ಲಿ ಕ್ಯಾನ್ಸರ್ ಇಷ್ಟು ವಿರಳವಾಗಿರುವುದೇಕೆ ಎಂಬುದು ಬೇರೆಯೇ ಒಂದು ಕುತೂಹಲದ ವಿಷಯ, ಇಲ್ಲಿ ಬೇಡ. ಅದೇ ಹತ್ತು ಸಾವಿರ ಜನರಲ್ಲಿ 5 ಇದ್ದದ್ದು 9ರ ಹತ್ತಿರ ಹೋಗುತ್ತದೆ, ಅಷ್ಟೇ. ಅಪರೂಪದ ಸಂಗತಿ ಹೆಚ್ಚುಕಡಿಮೆ ಎರಡು ಪಟ್ಟಾದರೂ ಅಪರೂಪವಾಗಿಯೇ ಉಳಿಯುತ್ತದೆ. ಪಟ್ಟನ್ನು ಮಾತ್ರ ಹೇಳಿ ಮೂಲ ಸಂಖ್ಯೆಯನ್ನು ಮುಚ್ಚಿಡುವ ಬರಹ ಸುಳ್ಳು ಹೇಳುವುದಿಲ್ಲವಾದರೂ ನಿಜವನ್ನೂ ಹೇಳುವುದಿಲ್ಲ. ಮುಂಜಾವು ಅವರು ಓದಿದ್ದು ಅಂಥದ್ದೇ ಇರಬೇಕೆಂಬುದು ನನ್ನ ಊಹೆ.

ಇಷ್ಟು ಸಣ್ಣ ಹೆಚ್ಚಳಕ್ಕಾದರೂ ಶಸ್ತ್ರಚಿಕಿತ್ಸೆಯೇ ಕಾರಣವೇ? ಇಲ್ಲಿ ಮೂರು ಗಂಟುಗಳಿವೆ. ಪಿತ್ತಕೋಶದಲ್ಲಿ ಕಲ್ಲು ಕಟ್ಟಿಕೊಳ್ಳುವವರಲ್ಲಿ ಬೊಜ್ಜು, ಸಕ್ಕರೆ ಕಾಯಿಲೆ, ದೈಹಿಕ ಚಟುವಟಿಕೆಯ ಕೊರತೆ ಸಾಮಾನ್ಯವಾಗಿ ಹೆಚ್ಚಿರುತ್ತವೆ. ದೊಡ್ಡ ಕರುಳಿನ ಕ್ಯಾನ್ಸರಿಗೂ ಇವೇ ಕಾರಣಗಳು. ಒಂದೇ ಬೇರಿನಿಂದ ಎರಡು ಕೊಂಬೆಗಳು ಹೊರಟಿರುವಾಗ ಒಂದು ಕೊಂಬೆಯೇ ಇನ್ನೊಂದನ್ನು ಹೆತ್ತಿತೆಂದು ಹೇಳುವುದು ಸರಿಯಲ್ಲ. ಎರಡನೆಯದು ಕಾಲದ ತಿರುವುಮುರುವು: ಮೇದೋಜೀರಕ ಗ್ರಂಥಿಯಲ್ಲೋ ಕರುಳಿನಲ್ಲೋ ಆಗಲೇ ಸದ್ದಿಲ್ಲದೆ ಬೆಳೆಯುತ್ತಿದ್ದ ಗೆಡ್ಡೆಯ ನೋವನ್ನು ಕಲ್ಲಿನ ನೋವೆಂದು ತಿಳಿದು ಪಿತ್ತಕೋಶವನ್ನು ತೆಗೆದಿರುತ್ತಾರೆ, ಕೆಲವು ತಿಂಗಳ ನಂತರ ಕ್ಯಾನ್ಸರ್ ಬಯಲಾಗುತ್ತದೆ, ದಾಖಲೆಯಲ್ಲಿ ಮಾತ್ರ ಶಸ್ತ್ರಚಿಕಿತ್ಸೆ ಮೊದಲು, ಕ್ಯಾನ್ಸರ್ ನಂತರ ಎಂದು ಬರೆದಿರುತ್ತದೆ. ಆದ್ದರಿಂದಲೇ ಎಚ್ಚರಿಕೆಯ ಅಧ್ಯಯನಗಳು ಶಸ್ತ್ರಚಿಕಿತ್ಸೆಯ ನಂತರದ ಮೊದಲ ವರ್ಷವನ್ನು ಲೆಕ್ಕದಿಂದ ಕೈಬಿಡುತ್ತವೆ. ಮೂರನೆಯದು, ಒಮ್ಮೆ ಆಸ್ಪತ್ರೆಯ ಮೆಟ್ಟಿಲು ಹತ್ತಿದವರು ಮುಂದೆಯೂ ಹೆಚ್ಚು ಪರೀಕ್ಷೆಗಳಿಗೆ ಒಳಗಾಗುತ್ತಾರೆ, ಹೆಚ್ಚು ಹುಡುಕಿದಲ್ಲಿ ಹೆಚ್ಚು ಸಿಗುತ್ತದೆ.

ಅಧ್ಯಯನದ ಬಗೆ ಬದಲಾದಂತೆ ಉತ್ತರವೂ ಬದಲಾಗುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 1993ರಲ್ಲಿ ಅಂದಿನವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಕ್ಯಾನ್ಸರ್ ಬಂದವರನ್ನು ಹಿಡಿದು ಹಿಂದಕ್ಕೆ ಕೆದಕುವ ಅಧ್ಯಯನಗಳಲ್ಲಿ ಸಂಬಂಧ ಕಾಣಿಸಿಕೊಂಡಿತು. ಶಸ್ತ್ರಚಿಕಿತ್ಸೆ ಆದವರನ್ನು ಮುಂದಕ್ಕೆ ಹಿಂಬಾಲಿಸುವ ಅಧ್ಯಯನಗಳಲ್ಲಿ ಒಟ್ಟಾರೆಯಾಗಿ ಸಂಬಂಧವೇ ಇರಲಿಲ್ಲ. ನಂತರ ಅಮೆರಿಕದ ನರ್ಸುಗಳನ್ನು ಹಿಂಬಾಲಿಸಿದ ದೊಡ್ಡ ಅಧ್ಯಯನವೊಂದು 2003ರಲ್ಲಿ ಸಣ್ಣ ಪ್ರಮಾಣದ ಹೆಚ್ಚಳವನ್ನು ವರದಿ ಮಾಡಿತು. ಪರಿಣಾಮ ನಿಜವಾಗಿಯೂ ದೊಡ್ಡದಾಗಿದ್ದರೆ, ಧೂಮಪಾನ ಮತ್ತು ಶ್ವಾಸಕೋಶದ ವಿಷಯದಲ್ಲಿ ಆದಂತೆ, ಯಾವ ಬಗೆಯ ಅಧ್ಯಯನದಿಂದ ನೋಡಿದರೂ ಎದ್ದು ಕಾಣುತ್ತಿತ್ತು. ಹೀಗೆ ಕಂಡೂ ಕಾಣದಂತಿರುವುದು ಸಣ್ಣ ಪರಿಣಾಮಗಳ ಲಕ್ಷಣ. ನನ್ನ ತೀರ್ಮಾನವನ್ನು ಕೇಳಿದರೆ: ಸಣ್ಣ ಕರುಳಿಗೂ ದೊಡ್ಡ ಕರುಳಿನ ಬಲಭಾಗಕ್ಕೂ ಚಿಕ್ಕದೊಂದು ನಿಜವಾದ ಹೆಚ್ಚಳ ಇರಬಹುದು, ಅದರಲ್ಲಿ ಒಂದು ಪಾಲು ಕಲ್ಲು ತಂದ ಶರೀರಸ್ಥಿತಿಯದೇ ಹೊರತು ಕತ್ತರಿಯದಲ್ಲ.

ಇನ್ನು ಒಂಟಿಮರ ಅವರಿಗೆ. ನೋವಿಲ್ಲದ ಕಲ್ಲುಗಳಿಗೆ ಶಸ್ತ್ರಚಿಕಿತ್ಸೆ ಬೇಡವೆಂಬ ನಿಮ್ಮ ನಿರ್ಧಾರ ಬಹುಮಟ್ಟಿಗೆ ವೈದ್ಯರ ಸಲಹೆಗೂ ಸರಿಹೊಂದುತ್ತದೆ, ಏಕೆಂದರೆ ಅಂಥ ಕಲ್ಲುಗಳಿರುವವರಲ್ಲಿ ಬಹುಪಾಲು ಜನರಿಗೆ ಜೀವಮಾನದಲ್ಲಿ ತೊಂದರೆಯೇ ಬರುವುದಿಲ್ಲ. ಆದರೆ ನೀವು ಕೊಟ್ಟ ಕಾರಣ ತಪ್ಪು, ನೋವಿರುವವರಿಗೆ ಕೊಟ್ಟ ಸಲಹೆ ಇನ್ನೂ ತಪ್ಪು. ಕಲ್ಲುಗಳು ಕೂತಲ್ಲೇ ಕೂತಿದ್ದರೆ ಕ್ಯಾನ್ಸರಿನ ಲೆಕ್ಕದಲ್ಲಿ ಸೊನ್ನೆ ಎಂದು ನೀವು ಭಾವಿಸಿದಂತಿದೆ. ಪಿತ್ತಕೋಶದ್ದೇ ಆದ ಕ್ಯಾನ್ಸರೊಂದಿದೆ. ಆ ರೋಗಿಗಳಲ್ಲಿ ಬಹುಪಾಲಿನವರ ಪಿತ್ತಕೋಶದಲ್ಲಿ ಕಲ್ಲುಗಳು ಇರುತ್ತವೆ, ಮತ್ತು ತಡವಾಗಿ ಪತ್ತೆಯಾಗುವ ಕಾರಣ ಅದು ಜೀರ್ಣಾಂಗದ ಕ್ಯಾನ್ಸರುಗಳಲ್ಲೇ ಬಹಳ ಕಠಿಣವಾದವುಗಳಲ್ಲಿ ಒಂದು. ತೆಗೆದ ಪಿತ್ತಕೋಶದಲ್ಲಿ ಆ ಕ್ಯಾನ್ಸರ್ ಹುಟ್ಟುವ ಪ್ರಶ್ನೆಯೇ ಇಲ್ಲ. ತಕ್ಕಡಿಯ ಒಂದೇ ತಟ್ಟೆಯನ್ನು ನೋಡಿ ತೂಕ ಹೇಳಬಾರದು.

ಉತ್ತರ 4: ಕಂದೀಲು

ಲೆಕ್ಕದ ಪುಸ್ತಕ ಅವರ ಮಾತಿಗೆ ವೈದ್ಯನಾಗಿ ಸ್ವಲ್ಪ ಸೇರಿಸುತ್ತೇನೆ. ನೋವಿಲ್ಲದಿದ್ದರೂ ತೆಗೆಸುವುದು ಒಳಿತೆಂದು ನಾವು ಹೇಳುವ ಸಂದರ್ಭಗಳಿವೆ: ಪಿತ್ತಕೋಶದೊಳಗಿನ ಪಾಲಿಪ್ (ಒಳಪದರದಿಂದ ಹೊರಚಾಚುವ ಸಣ್ಣ ಬೆಳವಣಿಗೆ) 10 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡದಾಗಿದ್ದರೆ, ಕಲ್ಲು ಮೂರು ಸೆಂಟಿಮೀಟರಿಗಿಂತ ದೊಡ್ಡದಾಗಿದ್ದರೆ, ಗೋಡೆಯಲ್ಲಿ ಸುಣ್ಣ ಕಟ್ಟಿಕೊಂಡಿದ್ದರೆ. ಒಂಟಿಮರ ಅವರು ತಮ್ಮ ಸ್ಕ್ಯಾನಿಂಗ್ ವರದಿಯಲ್ಲಿ ಈ ಮೂರನ್ನು ಹುಡುಕಿ ನೋಡಲಿ.

ಕರಗಿಸುವ ಮಾತ್ರೆ ಎಂದರೆ ಅರ್ಸೊಡಿಆಕ್ಸಿಕೋಲಿಕ್ ಆಮ್ಲ. ಅದು ಕೆಲಸ ಮಾಡುವುದು ಸುಣ್ಣವಿಲ್ಲದ ಸಣ್ಣ ಕೊಲೆಸ್ಟರಾಲ್ ಕಲ್ಲುಗಳ ಮೇಲೆ ಮಾತ್ರ, ಅದೂ ಪಿತ್ತಕೋಶ ಸರಿಯಾಗಿ ಹಿಂಡಿಕೊಳ್ಳುತ್ತಿದ್ದರೆ. ತಿಂಗಳುಗಟ್ಟಲೆ, ಕೆಲವೊಮ್ಮೆ ಎರಡು ವರ್ಷ ನುಂಗಬೇಕು. ಕರಗಿದ ಮೇಲೂ ಐದು ವರ್ಷಗಳೊಳಗೆ ಅರ್ಧದಷ್ಟು ಜನರಲ್ಲಿ ಕಲ್ಲು ಮರಳಿ ಕಟ್ಟಿಕೊಳ್ಳಬಹುದು. ಪದೇ ಪದೇ ನೋವು ಬರುವವರು ಆ ದಾರಿಯಲ್ಲಿ ಕಾಯುತ್ತಾ ಕೂತರೆ ಕಲ್ಲು ಪಿತ್ತನಾಳಕ್ಕೆ ಜಾರಿ ಕಾಮಾಲೆಯನ್ನೋ ಮೇದೋಜೀರಕ ಗ್ರಂಥಿಯ ಉರಿಯೂತವನ್ನೋ ತರಬಹುದು. ಆ ಉರಿಯೂತದಿಂದ ತೀವ್ರ ನಿಗಾ ಘಟಕ ಸೇರಿದವರನ್ನು ಒಮ್ಮೆ ನೋಡಿದವರು ಹತ್ತು ಸಾವಿರಕ್ಕೆ ಎಂಟು ಎಂಬ ಲೆಕ್ಕವನ್ನು ಹಿಡಿದು ಶಸ್ತ್ರಚಿಕಿತ್ಸೆಯನ್ನು ಮುಂದೂಡುವುದಿಲ್ಲ.

ಉತ್ತರ 5: ಹಳೆಯ ರೋಗಿ

ನಾನು ಪಿತ್ತಕೋಶ ತೆಗೆಸಿಕೊಂಡು 19 ವರ್ಷಗಳಾದವು. ಇಲ್ಲಿ ನಡೆದ ಚರ್ಚೆಯಲ್ಲಿ ಬಾರದೇ ಹೋದ ಒಂದು ಅಪಾಯವನ್ನು ಹೇಳಬೇಕೆನಿಸಿತು, ಅದು ಪಿತ್ತಾಮ್ಲದ್ದಲ್ಲ.

ಶಸ್ತ್ರಚಿಕಿತ್ಸೆಯ ನಂತರ ಹೊಟ್ಟೆಗೆ ಏನೇ ಆದರೂ ಇಲ್ಲದ ಪಿತ್ತಕೋಶದ ಮೇಲೆ ಹೊರಿಸುವುದು ನನಗೆ ರೂಢಿಯಾಗಿಬಿಟ್ಟಿತ್ತು. ಹೊಟ್ಟೆಯುಬ್ಬರವೂ ಅದರಿಂದಲೇ, ಮಲ ತೆಳುವಾದರೂ ಅದರಿಂದಲೇ, ಸುಸ್ತಾದರೂ ಅದರಿಂದಲೇ. ಮೂರು ವರ್ಷಗಳ ಹಿಂದೆ ಮಲದಲ್ಲಿ ರಕ್ತ ಕಾಣಿಸಿಕೊಂಡಾಗಲೂ ಪಿತ್ತಕೋಶವಿಲ್ಲದವರಿಗೆ ಇದೆಲ್ಲ ಸಾಮಾನ್ಯ ಎಂದು ನಾಲ್ಕು ತಿಂಗಳು ಸುಮ್ಮನಿದ್ದೆ. ಕೊನೆಗೆ ಮಗಳ ಒತ್ತಾಯಕ್ಕೆ ಹೋಗಿ ತೋರಿಸಿದೆ. ರಕ್ತ ಮೂಲವ್ಯಾಧಿಯದಾಗಿತ್ತು, ಆದರೆ ಅದೇ ಕೊಲೊನೋಸ್ಕೋಪಿಯಲ್ಲಿ ಎರಡು ಪಾಲಿಪ್‌ಗಳು ಸಿಕ್ಕವು, ಅಲ್ಲಿಯೇ ತೆಗೆದುಹಾಕಿದರು. ಅವು ಕ್ಯಾನ್ಸರ್ ಆಗಿರಲಿಲ್ಲ, ಬಿಟ್ಟಿದ್ದರೆ ಮುಂದೆ ಆಗಬಹುದಾದ ಬಗೆಯವು ಎಂದರು. ಅವು ಪಿತ್ತಕೋಶ ತೆಗೆದದ್ದರಿಂದ ಬಂದವೇ ಎಂದು ನಾನೂ ಕೇಳಿದ್ದೆ. ಈ ವಯಸ್ಸಿನಲ್ಲಿ ಪಿತ್ತಕೋಶ ಇರುವವರಲ್ಲೂ ನಿತ್ಯ ಕಾಣುತ್ತೇವೆ ಎಂದು ವೈದ್ಯರು ನಕ್ಕರು.

ಮುಂಜಾವು ಅವರೇ, ನಿಮ್ಮ ಮನೆಯವರ ಮಾತಿಗೆ ನೊಂದುಕೊಳ್ಳಬೇಡಿ. ನನ್ನ ಅತ್ತೆಯವರು ನನಗೆ ಆ ಮಾತನ್ನು ಹನ್ನೊಂದು ವರ್ಷ ಹೇಳಿದರು. ತಮಗೇ ಕಲ್ಲಿನ ನೋವು ಬಂದ ರಾತ್ರಿ ನಿಲ್ಲಿಸಿದರು.

ಪ್ರತಿಕ್ರಿಯೆ: ಮುಂಜಾವು

ಎಲ್ಲರಿಗೂ ಕೃತಜ್ಞತೆಗಳು. ಹತ್ತು ಸಾವಿರಕ್ಕೆ ಎಂಟು ಎಂಬ ಲೆಕ್ಕವನ್ನು ಕಾಗದದ ಮೇಲೆ ಬರೆದು ಮನೆಯವರಿಗೂ ತೋರಿಸಿದೆ. ಒಂದು ಪ್ರಶ್ನೆ ಉಳಿದಿದೆ: ನನ್ನ ಚಿಕ್ಕಮ್ಮನಿಗೆ ಆಗಿದ್ದ ಕ್ಯಾನ್ಸರ್ ಮತ್ತು ನನ್ನ ಶಸ್ತ್ರಚಿಕಿತ್ಸೆ, ಎರಡನ್ನೂ ಸೇರಿಸಿ ನೋಡಿದರೆ ಕೊಲೊನೋಸ್ಕೋಪಿಯ ಬಗ್ಗೆ ನಿಮ್ಮ ಅಭಿಪ್ರಾಯವೇನು?

ಉತ್ತರ 6: ಕಂದೀಲು

ಪಿತ್ತಕೋಶ ತೆಗೆಸಿದ್ದಾರೆಂಬ ಒಂದೇ ಕಾರಣಕ್ಕೆ ವಿಶೇಷ ತಪಾಸಣೆ ಮಾಡುವ ಪದ್ಧತಿಯಿಲ್ಲ. ಆದರೆ ನಿಮ್ಮ ವಯಸ್ಸು ತಾನಾಗಿಯೇ ತಪಾಸಣೆಯ ವಯಸ್ಸು. ಅಮೆರಿಕದ ಮಾರ್ಗಸೂಚಿ 2021ರಲ್ಲಿ ಸಾಮಾನ್ಯ ಜನರಿಗೂ ಆರಂಭದ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿದೆ. ತಂದೆ, ತಾಯಿ, ಒಡಹುಟ್ಟಿದವರು ಅಥವಾ ಮಕ್ಕಳಿಗೆ ಈ ಕ್ಯಾನ್ಸರ್ ಆಗಿದ್ದರೆ ಇನ್ನೂ ಬೇಗ, ಸಾಮಾನ್ಯವಾಗಿ 40ಕ್ಕೆ ಅಥವಾ ಅವರಿಗೆ ಕಾಯಿಲೆ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಇವೆರಡರಲ್ಲಿ ಯಾವುದು ಮೊದಲೋ ಆಗ ಶುರು ಮಾಡುತ್ತೇವೆ. ಚಿಕ್ಕಮ್ಮ ಆ ವಲಯದ ಹೊರಗಿನವರು, ಅವರಿಗೆ ಬಂದದ್ದೂ 70ರಲ್ಲಿ. ಆದ್ದರಿಂದ ಅದು ನಿಮ್ಮ ಲೆಕ್ಕವನ್ನು ಹೆಚ್ಚು ಬದಲಿಸುವುದಿಲ್ಲ. ಹಾಗಿದ್ದರೂ ನಿಮ್ಮ ತಾಯಿ ಕೊಲೊನೋಸ್ಕೋಪಿ ಮಾಡಿಸಿದ್ದಾರೆಯೇ, ಅವರಿಗೆ ಪಾಲಿಪ್ ಇತ್ತೇ ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಚಿಕ್ಕಮ್ಮನ ವಿಷಯಕ್ಕಿಂತ ಆ ಉತ್ತರ ನಿಮಗೆ ಮುಖ್ಯ.

ಕೊಲೊನೋಸ್ಕೋಪಿಗೆ ಮನಸ್ಸು ಹಿಂಜರಿದರೆ ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಪತ್ತೆಹಚ್ಚುವ ಎಫ್‌ಐಟಿ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ಮಾಡಿಸಬಹುದು. ಅದರಲ್ಲಿ ರಕ್ತ ಕಂಡುಬಂದರೆ ಮಾತ್ರ ಮುಂದಿನ ಹೆಜ್ಜೆ. ಇದೆಲ್ಲ ಯಾವ ತೊಂದರೆಯೂ ಇಲ್ಲದವರ ಮಾತು. ರಕ್ತ ಕಾಣಿಸಿಕೊಂಡರೆ, ಪ್ರಯತ್ನಪಡದೆ ತೂಕ ಇಳಿದರೆ, ರಕ್ತಹೀನತೆ ಇದೆಯೆಂದು ವರದಿ ಬಂದರೆ, ತೆಳು ಮಲ ರಾತ್ರಿ ನಿದ್ದೆಯಿಂದಲೂ ಎಬ್ಬಿಸುವಂತಾದರೆ, ತಪಾಸಣೆಯ ಸರದಿಗೆ ಕಾಯದೆ ವೈದ್ಯರ ಬಳಿ ಹೋಗಿ, ಮತ್ತು ಹೋದಾಗ ಪಿತ್ತಕೋಶದ ಬಯಾಪ್ಸಿ ವರದಿಯನ್ನೂ ಜೊತೆಗೆ ಒಯ್ಯಿರಿ.